ನಿಧಾನದ ಸುತ್ತು

ವರ್ಷಗಟ್ಟಲೆ ಮರಗಸಿ ಮಾಡಿದ ಬೋರಯ್ಯ ಒಮ್ಮೆಯೂ ಮರದಿಂದ ಬಿದ್ದವನಲ್ಲ. ಮರಗಸಿ ಎಂದರೆ ಕಾಫಿ ತೋಟದ ನೆರಳಿನ ಮರಗಳನ್ನು ಹತ್ತಿ, ಮಳೆಗಾಲಕ್ಕೆ ಮುಂಚೆ ಹೆಚ್ಚಾದ ರೆಂಬೆಗಳನ್ನು ಕಡಿದು, ಕೆಳಗಿನ ಗಿಡಗಳಿಗೆ ಬೆಳಕು ಬಿಡಿಸುವ ಕೆಲಸ. ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈಯಲ್ಲಿ ಕೊಂಬೆ; ದೇಹದ ಭಾರವೆಲ್ಲ ಕಾಲಿನ ಬೆರಳುಗಳ ಮೇಲೆ. ಹಾನುಬಾಳಿನ ಸುತ್ತಿನ ಎಸ್ಟೇಟುಗಳಲ್ಲಿ ಎತ್ತರದ ಮರಕ್ಕೆ ಯಾರನ್ನು ಹತ್ತಿಸುವುದೆಂಬ ಪ್ರಶ್ನೆ ಬಂದಾಗ ಆಳುಗಳ ಲೆಕ್ಕ ಬರೆಯುವ ರೈಟರುಗಳು ಹೇಳುತ್ತಿದ್ದ ಹೆಸರು ಅವನದೇ. ಅಂಥವನು ಬಿದ್ದದ್ದು ಸಮತಟ್ಟಾದ ನೆಲದ ಮೇಲೆ, ತನ್ನೂರಿನ ಸುಗ್ಗಿ ಕುಣಿತದಲ್ಲಿ.

ಊರು ನೇರಳೆಗದ್ದೆ. ಹಾನುಬಾಳಿನಿಂದ ಒಳಗೆ, ಜೀಪು ಹೋಗುವ ದಾರಿಯ ಕೊನೆಗಿದೆ. ಯುಗಾದಿ ಕಳೆದ ಮೇಲೆ ಅಲ್ಲಿ ಸುಗ್ಗಿ ಸಾರುತ್ತಾರೆ. ಸಾರಿದ ಮೇಲೆ ಯಾರ ಮನೆಯಲ್ಲೂ ಒಗ್ಗರಣೆ ಹಾಕುವಂತಿಲ್ಲ, ಹಸಿ ಮರಕ್ಕೆ ಕತ್ತಿ ಇಡುವಂತಿಲ್ಲ, ಸುಗ್ಗಿಕಟ್ಟೆಯ ಅಂಗಳಕ್ಕೆ ಚಪ್ಪಲಿ ಮೆಟ್ಟಿ ಬರುವಂತಿಲ್ಲ. ಊರಿನ ಗಂಡಸರು ಬಿಳಿ ಅಂಗಿ ತೊಟ್ಟು, ತಲೆಗೆ ರುಮಾಲು ಸುತ್ತಿ, ಕಟ್ಟೆಯ ಸುತ್ತ ಗುಂಡಗೆ ನಿಂತು ಕುಣಿಯುತ್ತಾರೆ. ಅದಕ್ಕೆ ಸುತ್ತು ಎನ್ನುತ್ತಾರೆ. ಒಮ್ಮೆ ಕೂಡಿದ ಸುತ್ತು ಡೋಲು ನಿಲ್ಲುವವರೆಗೆ ಒಡೆಯಬಾರದು. ನಡುವೆ ಯಾರಾದರೂ ಬಿದ್ದರೆ ಮಿಕ್ಕವರು ಕುಣಿತ ನಿಲ್ಲಿಸುವುದಿಲ್ಲ, ಬಗ್ಗಿ ಎತ್ತುವುದೂ ಇಲ್ಲ. ಹೊರಗೆ ನೋಡುತ್ತ ನಿಂತವರಲ್ಲಿ ಹೆಜ್ಜೆ ಬಲ್ಲವನು ಯಾರು ಹತ್ತಿರ ಇದ್ದಾನೋ ಅವನು ಮರುಕ್ಷಣ ಒಳಗೆ ನುಗ್ಗಿ ಆ ಜಾಗ ತುಂಬಬೇಕು. ತುಂಬಿದವನಿಗೇ ಮುಂದೆಯೂ ಆ ಜಾಗ. ಬಿದ್ದವನು ಅದನ್ನು ವಾಪಸು ಕೇಳುವಂತಿಲ್ಲ.

ಸುತ್ತಿಗೆ ಒಬ್ಬ ಮುಂದಾಳು ಇರುತ್ತಾನೆ. ಬೋರಯ್ಯ ಬಹಳ ಕಾಲ ಆ ಮುಂದಾಳು. ಸುಗ್ಗಿಯ ಕೊನೆಯ ದಿನ ಬೆಳಿಗ್ಗೆ, ಎಲ್ಲ ಸುತ್ತುಗಳು ಮುಗಿದ ಮೇಲೆ, ನಿಧಾನದ ಸುತ್ತು ಎಂಬುದೊಂದನ್ನು ಕುಣಿಯುತ್ತಿದ್ದರು. ಅದರಲ್ಲಿ ಡೋಲು ಒಂದು ಪೆಟ್ಟು ಹೊಡೆದು ಸುಮ್ಮನಾಗುತ್ತದೆ. ಆ ಮೌನದಲ್ಲಿ ಎಲ್ಲರ ಬಲಗಾಲೂ ಗಾಳಿಯಲ್ಲಿ. ಎಷ್ಟು ಹೊತ್ತು ಎನ್ನುವುದಕ್ಕೆ ಅಳತೆ ಇಲ್ಲ. ಮುಂದಾಳುವಿನ ಉಸಿರೇ ಅಳತೆ. ಅವನ ಭುಜ ಇಳಿದಾಗ ಎಲ್ಲರ ಕಾಲೂ ಒಟ್ಟಿಗೆ ನೆಲಕ್ಕೆ ಬರಬೇಕು, ಒಂದೇ ಸಪ್ಪಳವಾಗಬೇಕು. ಯಾವಾಗ ಒಳಗೆ ತಿರುಗುವುದು, ಯಾವಾಗ ಹೊರಗೆ ತಿರುಗುವುದು ಎಂಬುದೂ ಅವನ ಕೈಯಲ್ಲೇ. ಅದನ್ನು ಬೋರಯ್ಯ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಹಿಂದಿನ ಮುಂದಾಳು ತನ್ನ ನಂತರದವನನ್ನು ತಾನೇ ಆರಿಸಿ ಕಲಿಸುವುದು ಪದ್ಧತಿ. ಅವನಿನ್ನೂ ಯಾರನ್ನೂ ಆರಿಸಿರಲಿಲ್ಲ.

ತೊಂಬತ್ತೊಂಬತ್ತನೇ ಇಸವಿಯ ಸುಗ್ಗಿಯಲ್ಲಿ, ಅದೇ ನಿಧಾನದ ಸುತ್ತಿನ ನಡುವೆ, ಕಾಲು ಗಾಳಿಯಲ್ಲಿರುವಾಗ ಅವನ ಎಡ ಮಂಡಿ ತಿರುಚಿತು. ಬಿದ್ದ. ಹತ್ತಿರ ನಿಂತಿದ್ದವನು ಯೋಗೇಶ್, ಅವನ ಅಕ್ಕನ ಮಗ, ಆಗಿನ್ನೂ ಮೀಸೆ ದಪ್ಪವಾಗದ ಹುಡುಗ. ಡೋಲಿನ ಮುಂದಿನ ಪೆಟ್ಟು ಬೀಳುವ ಮೊದಲೇ ಯೋಗೇಶ್ ಸುತ್ತಿನ ಒಳಗಿದ್ದ. ಆದರೆ ನಿಧಾನದ್ದು ಅವನಿಗೆ ಗೊತ್ತಿರಲಿಲ್ಲ. ಡೋಲಿನ ಪರಮಶಿವಯ್ಯ ಅದನ್ನು ಅರಿತು ಕೂಡಲೇ ಜೋರಿನ ಸುತ್ತಿಗೆ ಬದಲಿಸಿದ. ಬೋರಯ್ಯ ಮಣ್ಣಿನಲ್ಲಿ ಒರಗಿಕೊಂಡು, ತನ್ನ ಮುಖದ ಪಕ್ಕದಲ್ಲೇ ಹಾದುಹೋಗುವ ಪಾದಗಳನ್ನು ನೋಡುತ್ತ ಮಲಗಿದ್ದ. ಕುಣಿತ ಮುಗಿದ ಮೇಲೆ ಜನ ಮೊದಲು ಬೆನ್ನು ತಟ್ಟಿದ್ದು ಯೋಗೇಶನದು. "ಸುತ್ತು ಉಳಿಸ್ಬುಟ್ಟ ಕಣೋ!" ಆಮೇಲೆ ಬೋರಯ್ಯನನ್ನು ಎತ್ತಿದರು.

ಮಂಡಿ ಮತ್ತೆ ಸರಿಹೋಗಲಿಲ್ಲ. ಮರ ಹತ್ತುವುದು ನಿಂತಿತು. ಎಸ್ಟೇಟಿನವರು ಅವನನ್ನು ಕಾಫಿ ಒಣಗಿಸುವ ಕಣದ ಕಾವಲಿಗೆ ಹಾಕಿದರು. ಸುಗ್ಗಿಯ ದಿನಗಳಲ್ಲಿ ಅವನು ಗುಡ್ಡದ ಆಚೆ ಬದಿಯ ಆ ಕಣದಲ್ಲೇ ಇರುತ್ತಿದ್ದ. ಯೋಗೇಶ್ ಮುಂದಾಳಾದ. ನಿಧಾನದ ಸುತ್ತು ನಿಂತೇಹೋಯಿತು. ಕೊನೆಯ ದಿನ ಜೋರಿನ ಸುತ್ತುಗಳು ಮುಗಿದ ಕೂಡಲೇ ಪರಮಶಿವಯ್ಯ ಡೋಲಿನ ಹಗ್ಗ ಬಿಚ್ಚುತ್ತಿದ್ದ. ಯೋಗೇಶ್ ಕೇಳಲಿಲ್ಲ, ಏಕೆಂದರೆ ಕೇಳುವ ಮುಖವಿರಲಿಲ್ಲ. ಬೋರಯ್ಯ ಹೇಳಲಿಲ್ಲ, ಏಕೆಂದರೆ ಇವನನ್ನು ತಾನು ಆರಿಸಿರಲಿಲ್ಲ.

ಎರಡು ಸಾವಿರದ ಮೂರನೇ ಇಸವಿ ಫೆಬ್ರುವರಿಯಲ್ಲಿ ಯುರೋಪಿನ ಒಂದು ಬ್ಯಾಲೆ ತಂಡ ಬೆಂಗಳೂರಿಗೆ ಬಂದಿತ್ತು. ಕರೆಸಿದ ಸಂಸ್ಥೆಯವರು ಜಿಲ್ಲೆಗಳ ಜಾನಪದ ತಂಡಗಳಿಗೂ ಎರಡೆರಡು ಸೀಟು ಮೀಸಲಿಟ್ಟಿದ್ದರು. ಹಿಂದಿನ ವರ್ಷ ಹಾಸನದ ಒಂದು ಉತ್ಸವದಲ್ಲಿ ನೇರಳೆಗದ್ದೆಯವರು ಕುಣಿದಿದ್ದರಿಂದ ಅವರಿಗೂ ಕರೆ ಬಂತು. ಯೋಗೇಶ್ ಸಂಜೆ ಮಾವನ ಮನೆಯ ಜಗಲಿಯ ಕೆಳಗೆ ಬಂದು ನಿಂತ.

"ಮಾವ, ಬೆಂಗಳೂರಲ್ಲಿ ಒಂದು ಕುಣಿತ ಐತಂತೆ. ಫಾರಿನ್‌ನೋರದ್ದು. ಇಬ್ರು ಬನ್ನಿ ಅಂದವ್ರೆ."

"ಇಬ್ರು ಅಂದ್ರೆ ನೀನು, ನಿನ್ ಹೆಂಡ್ತಿ. ಹೋಗ್ಬನ್ನಿ."

"ಕುಣಿಯೋರು ಬನ್ನಿ ಅಂದಿರೋದು."

"ನಾನು ಕುಣಿಯೋನೇನ್ಲಾ? ಕಣ ಕಾಯೋನು."

ಒಳಗಿಂದ ಹೆಂಡತಿ ತಾಯಮ್ಮನ ದನಿ ಬಂತು. "ಕಾಫಿ ಎಲ್ಲಾ ಮೂಟೆಗೆ ಹೋಗಾಯ್ತು. ಬರೀ ಕಣನ ಯಾರ್ ಹೊತ್ಕೊಂಡ್ ಹೋಗ್ತಾರೆ? ಹೋಗ್ಬನ್ನಿ ಸುಮ್ನೆ. ಈ ಮನೆಗೂ ಒಂದಿನ ಉಸಿರಾಡೋಕೆ ಬಿಡಿ."

ಹೀಗೆ, ಒಲ್ಲೆ ಎನ್ನಲು ಕಾರಣ ಉಳಿಯದೆ, ಬೋರಯ್ಯ ಹೊರಟ. ಸಕಲೇಶಪುರದಲ್ಲಿ ಬಸ್ಸು ಬದಲಿಸಿ, ಹಾಸನ ದಾಟಿ, ಬೆಂಗಳೂರು ಸೇರುವವರೆಗೆ ಇಬ್ಬರ ನಡುವೆ ನಡೆದ ಮಾತು ಒಂದು ಎಲೆಅಡಿಕೆಯಷ್ಟು. ಆಲೂರು ದಾಟುವಾಗ ಯೋಗೇಶ್ "ಮಾವ" ಎಂದು ಶುರುಮಾಡಿದ. ಬೋರಯ್ಯ ತಿರುಗಿದ. ಯೋಗೇಶ್ "ಕಿಟಕಿ ಹಾಕ್ಲಾ, ಗಾಳಿ ಐತೆ" ಎಂದ.

ಆಟ ಮಧ್ಯಾಹ್ನದ ನಂತರ. ಅದಕ್ಕೂ ಮುಂಚೆ ನೋಡಲು ಬಂದವರಿಗಾಗಿ ಒಂದು ಪರಿಚಯ ಕಾರ್ಯಕ್ರಮವಿತ್ತು. ಸಭಾಂಗಣದ ಮುಂದಿನ ಸಾಲುಗಳಲ್ಲಿ ಜಿಲ್ಲೆಗಳ ತಂಡದವರನ್ನು ಕೂರಿಸಿದ್ದರು: ಡೊಳ್ಳಿನವರು, ವೀರಗಾಸೆಯವರು, ಕೋಲಾಟದ ಹೆಂಗಸರು. ಬೋರಯ್ಯನಿಗೆ ಸಾಲಿನ ತುದಿಯ ಕುರ್ಚಿ ಸಿಕ್ಕಿತು; ಮಂಡಿ ಚಾಚಲು ಅನುಕೂಲ. ಎದುರಿಗೆ ವೇದಿಕೆ ಕಂಡ ಕೂಡಲೇ ಅವನು ಚಪ್ಪಲಿ ಕಳಚಿ ಕುರ್ಚಿಯ ಕೆಳಗೆ ತಳ್ಳಿದ. ಅವನನ್ನು ನೋಡಿ ಯೋಗೇಶನೂ ಕಳಚಿದ.

ವೇದಿಕೆಗೆ ಬಂದು ಮಾತಾಡಿದ್ದು ತಂಡದ ಗುರು, ಇರೇನಾ ಎಂಬ ಹೆಂಗಸು. ಐವತ್ತು ದಾಟಿದವಳು, ಕಪ್ಪು ಉಡುಗೆ, ಬಿಗಿಯಾಗಿ ಕಟ್ಟಿದ ಬಿಳಿಗೂದಲು. ನಡೆಯುವಾಗ ಒಂದು ಕಾಲನ್ನು ಸ್ವಲ್ಪ ಎಳೆಯುತ್ತಿದ್ದಳು. ಅವಳ ಇಂಗ್ಲಿಷನ್ನು ಚೈತ್ರಶ್ರೀ ಎಂಬ ಕಾಲೇಜು ಹುಡುಗಿ ಕನ್ನಡದಲ್ಲಿ ಹೇಳುತ್ತಿದ್ದಳು.

ಮೊದಲು ಕಥೆ. ಹಿಮ ಬೀಳುವ ಬೆಟ್ಟದ ಮೇಲೆ ಒಂದು ಗಂಟೆ. ದಾರಿ ತಪ್ಪಿದವರಿಗೆ ದಿಕ್ಕು ತಿಳಿಯಲೆಂದು ಅದನ್ನು ಬಾರಿಸುವವಳು ಒಬ್ಬ ಕುರುಬರ ಹುಡುಗಿ. ಅವಳು ಒಬ್ಬ ಪ್ರಯಾಣಿಕನನ್ನು ಪ್ರೀತಿಸುತ್ತಾಳೆ. ಅವನು ಹಿಮದಲ್ಲಿ ಸಿಕ್ಕಿಕೊಂಡ ದಿನ ಗಂಟೆ ಬಾರಿಸುತ್ತಲೇ ಚಳಿಗೆ ಸಾಯುತ್ತಾಳೆ. ಎರಡನೇ ಭಾಗದಲ್ಲಿ, ಹಿಮದಲ್ಲಿ ಸತ್ತ ಹೆಂಗಸರ ಗುಂಪೊಂದು ಬೆಟ್ಟದಲ್ಲಿ ತಿರುಗುತ್ತಿರುತ್ತದೆ. ಸಿಕ್ಕಿದವರನ್ನು ಅವರು ಹಾಡಿ ಕುಣಿದು ನಿದ್ದೆಗೆ ತಳ್ಳುತ್ತಾರೆ; ಹಿಮದಲ್ಲಿ ನಿದ್ದೆ ಹೋದರೆ ಏಳುವುದಿಲ್ಲ. ಹುಡುಗಿ ಈಗ ಆ ಗುಂಪಿನಲ್ಲಿ ಒಬ್ಬಳು. ಅವನು ಮಲಗದಂತೆ ಅವಳೇ ಬೆಳಗಾಗುವವರೆಗೆ ಅವನ ಮುಂದೆ ಕುಣಿಯುತ್ತಾಳೆ.

ಆಮೇಲೆ ಇರೇನಾ ಬೆರಳ ತುದಿಯಲ್ಲಿ ನಿಲ್ಲುವವರು ತೊಡುವ ಬೂಟನ್ನು ತೋರಿಸಿ, ಸಾಲಿನಿಂದ ಸಾಲಿಗೆ ದಾಟಿಸಲು ಕೊಟ್ಟಳು. ಅದು ಬೋರಯ್ಯನ ಕೈಗೆ ಬಂದಾಗ ಅವನು ಹೊರಗಿನ ರೇಷ್ಮೆಯನ್ನು ನೋಡಲೇ ಇಲ್ಲ. ಮೂತಿಯನ್ನು ಗೆಣ್ಣಿನಿಂದ ಕುಟ್ಟಿದ. ಮರದ ಹಾಗೆ ಸದ್ದಾಯಿತು. ಮೂಸಿದ. ಬಟ್ಟೆ, ಕಾಗದ, ಅಂಟು ಪದರ ಪದರವಾಗಿ ಕೂಡಿ ಗಟ್ಟಿಯಾಗಿದ್ದವು. ನೆಲಕ್ಕೆ ತಾಗುವ ತುದಿ ಒಂದು ನಾಣ್ಯಕ್ಕಿಂತ ತುಸು ದೊಡ್ಡದು, ಅಷ್ಟೇ.

"ಇದರ ಮೇಲೆ ಆಳು ನಿಲ್ತದಾ?"

"ನಿಲ್ತಾರಂತೆ ಮಾವ."

"ಬೆರಳು ಮಡಚಂಗಿಲ್ಲ. ಹಿಡ್ಕೊಳೋಕೆ ತೊಗಟೆನೂ ಇಲ್ಲ. ಹೆಂಗ್ ನಿಲ್ತಾರೋ ಮಾರಾಯ?"

ಈ ಮಾತು ನಡೆಯುತ್ತಿದ್ದಾಗ ವೇದಿಕೆಯ ಮೇಲೆ ಇರೇನಾ ಕೈಭಾಷೆ ವಿವರಿಸುತ್ತಿದ್ದಳು. ತಲೆಯ ಮೇಲೆ ಕೈಗಳನ್ನು ಒಂದರ ಸುತ್ತ ಒಂದು ತಿರುಗಿಸಿದರೆ ಕುಣಿತ. ಎದೆಯ ಮೇಲೆ ಕೈಯಿಟ್ಟರೆ ಪ್ರೀತಿ. ಮುಷ್ಟಿ ಕಟ್ಟಿದ ಕೈಗಳನ್ನು ಅಡ್ಡಡ್ಡ ಕೆಳಗಿಳಿಸಿದರೆ ಸಾವು. ಮಾವ ಅಳಿಯ ಇಬ್ಬರೂ ಬೂಟಿನ ಒಳಗೆ ಇಣುಕುತ್ತಿದ್ದರು.

ದೀಪ ಆರಿತು. ಪರದೆ ಎದ್ದಿತು.

ಮೊದಲ ಹತ್ತಾರು ಹೆಜ್ಜೆಗಳವರೆಗೆ ಬೋರಯ್ಯ ಪಾದಗಳನ್ನು ಮಾತ್ರ ನೋಡಿದ. ಗಂಟೆಯ ಹುಡುಗಿ ಓಡಿಬಂದಳು, ನಿಂತಳು, ಬೆರಳ ತುದಿಗೆ ಏರಿದಳು. ಏರಿದ್ದು ಗೊತ್ತೇ ಆಗಲಿಲ್ಲ. ನೆಲವೇ ಅವಳಿಂದ ಸ್ವಲ್ಪ ಕೆಳಗೆ ಹೋದ ಹಾಗಿತ್ತು. ಆಮೇಲೆ ಒಂದು ಕಾಲನ್ನು ಹಿಂದಕ್ಕೆ ಎತ್ತಿ ಮುಂದಕ್ಕೆ ಬಾಗಿದಳು. ದೇಹದ ತೂಕದ ಗೆರೆ ಆ ನಾಣ್ಯದಷ್ಟು ಜಾಗದೊಳಗೇ ಬೀಳಬೇಕು; ಬೆರಳಗಲ ಆಚೆ ಹೋದರೆ ಬೀಳುತ್ತಾಳೆ. ಅವಳು ನಿಂತಳು. ಸಂಗೀತ ಒಂದು ಎಳೆಯಷ್ಟು ತೆಳುವಾಗಿ, ಇಲ್ಲವೇ ಆಯಿತು. ಅವಳಿನ್ನೂ ನಿಂತೇ ಇದ್ದಳು. ಬೋರಯ್ಯನ ಬಲಗಾಲು ತಾನಾಗಿ ನೆಲದಿಂದ ಎದ್ದಿತು. ಅವನು ಉಸಿರು ಹಿಡಿದಿದ್ದ. ಪಕ್ಕದಲ್ಲಿ ಯೋಗೇಶ್ ವೇದಿಕೆ ಬಿಟ್ಟು ಮಾವನ ಪಾದವನ್ನೇ ನೋಡುತ್ತಿದ್ದ. ಹುಡುಗಿಯ ಭುಜ ಇಳಿಯಿತು. ಕಾಲು ನೆಲಕ್ಕೆ ಬಂತು. ಅದೇ ಕ್ಷಣಕ್ಕೆ ಬೋರಯ್ಯನ ಕಾಲೂ.

ಜನ ಚಪ್ಪಾಳೆ ತಟ್ಟಿದರು.

"ಇನ್ನೂ ಮುಗುದಿಲ್ಲ, ನಡುವೆ ಯಾಕೆ ಬಡೀತಾರೋ?" ಎಂದು ಬೋರಯ್ಯ ಸಿಡುಕಿದ. ಅವನ ಕಣ್ಣು ಒದ್ದೆಯಾಗಿತ್ತು.

ಮೊದಲ ಭಾಗದ ಕೊನೆ. ವೇದಿಕೆಯ ಮೇಲೆ ಮೇಲಿಂದ ಬಿಳಿ ಚೂರುಗಳು ಉದುರುತ್ತಿದ್ದವು. ಊರಿನವರೆಲ್ಲ ಹುಡುಗಿಯ ಸುತ್ತ ಗುಂಡಗೆ ಕುಣಿಯುತ್ತಿದ್ದರು. ಅವಳು ಗಂಟೆಯ ಹಗ್ಗ ಎಳೆದಳು, ತಿರುಗಿದಳು, ಮತ್ತೆ ಎಳೆದಳು, ಮುಷ್ಟಿ ಕಟ್ಟಿದ ಕೈಗಳನ್ನು ಅಡ್ಡಡ್ಡ ಇಳಿಸಿದಳು. ಅವಳ ಮಂಡಿ ಮಡಚಿತು. ಬಿದ್ದಳು. ಕುಣಿಯುತ್ತಿದ್ದವರು ಬೆಚ್ಚಿ ಹಿಂದೆ ಸರಿದರು. ಸುತ್ತು ಒಡೆಯಿತು. ಸಂಗೀತ ಮಾತ್ರ ನಿಲ್ಲಲಿಲ್ಲ.

ಬೋರಯ್ಯ ಎದ್ದಿದ್ದ. ಸಾಲಿನ ತುದಿಯಲ್ಲಿದ್ದವನು, ಬರಿಗಾಲಿನವನು, ಕುಣಿತ ಬಲ್ಲವನು. ಹತ್ತಿರ ಇದ್ದವನು ಅವನೇ. ಯೋಚಿಸಲು ಏನೂ ಇರಲಿಲ್ಲ. ಕುಂಟುತ್ತ, ಆದರೆ ನಾಲ್ಕು ವರ್ಷದಲ್ಲಿ ಯಾರೂ ನೋಡದಷ್ಟು ವೇಗವಾಗಿ, ವೇದಿಕೆಯ ಪಕ್ಕದ ಮೆಟ್ಟಿಲಿನ ಕಡೆಗೆ ಹೊರಟ. ಹೆಗಲ ಮೇಲಿನ ಟವೆಲ್ ದಾರಿಯಲ್ಲೇ ಬಿತ್ತು. ಅವನು ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಹಿಂದಿನಿಂದ ಒಂದು ಕೈ ತೋಳು ಹಿಡಿಯಿತು. ತಿರುಗಿ ನೋಡಿದರೆ ಯೋಗೇಶ್.

"ಇದನ್ನೂ ನೀನೇ ತುಂಬ್ತೀಯೇನ್ಲಾ?" ಬೋರಯ್ಯ ಹಲ್ಲು ಕಚ್ಚಿ ಕೇಳಿದ.

"ಅಯ್ಯೋ ಮಾವ, ಅವ್ಳು ಬಿದ್ದಿಲ್ಲ. ಸತ್ತಿರೋದು! ಕಥೇಲಿ ಸತ್ತಿರೋದು!"

"ಸುತ್ತು ಒಡೆದೋಯ್ತು ಕಣೋ!"

"ಒಡೆಯೋದೇ ಅವರ ಆಟ ಮಾವ. ಬಾ."

ಪರದೆ ಇಳಿಯಿತು, ದೀಪ ಹತ್ತಿತು. ಮೆಟ್ಟಿಲ ಬಳಿ ಬರಿಗಾಲಲ್ಲಿ ನಿಂತ ಇಬ್ಬರನ್ನು ಇಡೀ ಸಭಾಂಗಣ ನೋಡಿತು. ಹಿಂದಿನ ಸಾಲುಗಳಲ್ಲಿ ಯಾರೋ ನಕ್ಕರು. ಡೊಳ್ಳಿನವರು ನಗಲಿಲ್ಲ; ಅವರಲ್ಲೊಬ್ಬ ಹಿರಿಯ ಬೋರಯ್ಯನ ಟವೆಲ್ ಎತ್ತಿ, ಕೊಡವಿ, ಕೈಗೆ ಕೊಟ್ಟ.

ಬಿಡುವಿನಲ್ಲಿ ಎಲ್ಲರೂ ಚಹಾ ಕುಡಿಯಲು ಹೊರಗೆ ಹೋದರು. ಬೋರಯ್ಯ ಕುರ್ಚಿ ಬಿಟ್ಟು ಏಳಲಿಲ್ಲ. ಚೈತ್ರಶ್ರೀ ಬಂದು, "ಯಾಕೆ ಹೋದ್ರಿ ಅಂಕಲ್? ಏನಾಯ್ತು?" ಎಂದು ಮೆಲ್ಲಗೆ ಕೇಳಿದಳು. ಅವನು ಮುಖ ತಿರುಗಿಸಿದ. ಯೋಗೇಶನೇ ಸುತ್ತಿನ ನೇಮವನ್ನೆಲ್ಲ ಹೇಳಿದ. ಬಿದ್ದವನ ಜಾಗ ಯಾರಿಗೆ ಸೇರುತ್ತದೆ ಎನ್ನುವವರೆಗೆ ಹೇಳಿ, ಅಲ್ಲಿಗೆ ನಿಲ್ಲಿಸಿ, ನೆಲ ನೋಡಿದ. ಚೈತ್ರಶ್ರೀ ಒಮ್ಮೆ ಇವನನ್ನು, ಒಮ್ಮೆ ಅವನನ್ನು ನೋಡಿ, ಏನೂ ಕೇಳದೆ ಪರದೆಯ ಹಿಂದಕ್ಕೆ ಹೋದಳು.

ಎರಡನೇ ಭಾಗದ ಬಗ್ಗೆ ಬೋರಯ್ಯ ಊರಿನಲ್ಲಿ ಯಾರಿಗೂ ಸರಿಯಾಗಿ ಹೇಳಲು ಆಗಲಿಲ್ಲ. "ನೋಡ್ಬೇಕು ಅಷ್ಟೇಯ" ಎನ್ನುತ್ತಿದ್ದ. ನಡೆದದ್ದು ಇಷ್ಟು. ನೀಲಿ ಬೆಳಕಿನಲ್ಲಿ ಬೆಟ್ಟದ ಇಳಿಜಾರು. ಅಲ್ಲಿಂದ ಒಬ್ಬಳ ಹಿಂದೆ ಒಬ್ಬಳು ಬಿಳಿ ಉಡುಗೆಯ ಹೆಂಗಸರು ಇಳಿದುಬಂದರು. ಎಲ್ಲರದೂ ಒಂದೇ ಹೆಜ್ಜೆ: ಮುಂದೆ ಬಾಗುವುದು, ಹಿಂದಿನ ಕಾಲು ಏಳುವುದು, ನಿಲ್ಲುವುದು, ಇಳಿಯುವುದು. ಮೊದಲನೆಯವಳು ವೇದಿಕೆಯ ಮುಂಭಾಗಕ್ಕೆ ಬಂದಾಗಲೂ ಇಳಿಜಾರಿನ ಮೇಲೆ ಇನ್ನೂ ಹೊಸಬರು ಕಾಣಿಸಿಕೊಳ್ಳುತ್ತಿದ್ದರು. ವೇದಿಕೆ ತುಂಬಿತು. ಅಷ್ಟು ಮಂದಿ ಒಟ್ಟಿಗೆ ಒಂದು ಕಾಲಿನ ಮೇಲೆ ನಿಂತರು. ಅವರ ಅರಿವೆಯ ಅಂಚು ಮಾತ್ರ ಸ್ವಲ್ಪ ಹೊತ್ತು ಆಡಿ, ಅದೂ ನಿಂತಿತು. ಇಡೀ ಸಭಾಂಗಣದಲ್ಲಿ ಒಬ್ಬರೂ ಕೆಮ್ಮಲಿಲ್ಲ.

"ಮಾವ," ಯೋಗೇಶ್ ಉಸುರಿದ, "ಮಳೆ ಬಿದ್ಮೇಲೆ ತೋಟ ಹೂ ಬಿಟ್ಟಂಗೆ ಐತೆ."

"ಮಾತಾಡ್ಬೇಡ."

ಸತ್ತಿದ್ದ ಗಂಟೆಯ ಹುಡುಗಿ ಆಗ ಬಂದಳು. ಬಿದ್ದವಳು, ಜಾಗ ಕಳೆದುಕೊಂಡವಳು, ಬಿಳಿ ತೊಟ್ಟು ಸುತ್ತಿನ ಹೊರಗಿನಿಂದ ಬಂದಳು. ಮೊದಲಿಗಿಂತ ಹಗುರವಾಗಿದ್ದಳು. ಹೆಂಗಸರು ಪ್ರಯಾಣಿಕನನ್ನು ಸುತ್ತುವರಿದು ಮತ್ತೆ ಮತ್ತೆ ಅವನ ಕಣ್ಣು ಮುಚ್ಚಿಸುತ್ತಿದ್ದರು. ಅವನು ಕುಸಿಯುವ ಹೊತ್ತಿಗೆ ಸರಿಯಾಗಿ ಅವಳು ಅವನ ಕಣ್ಣಿಗೆ ಬೀಳುವ ಕಡೆ ಹೋಗಿ ನಿಲ್ಲುತ್ತಿದ್ದಳು. ಅವನನ್ನು ಮುಟ್ಟುತ್ತಿರಲಿಲ್ಲ. ಎದುರಿಗೆ ಕುಣಿಯುತ್ತಿದ್ದಳು, ಅವನು ಅವಳನ್ನು ನೋಡಿ ಏಳುತ್ತಿದ್ದ. ಅವನು ತಿರುಗಿದ ಕಡೆಗೆಲ್ಲ ಅವಳು ಮೊದಲೇ ಇರುತ್ತಿದ್ದಳು. ಬೋರಯ್ಯ ಎರಡು ಕೈಗಳಿಂದ ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿದ್ದ. ವೇದಿಕೆಯ ಹಿಂದೆ ಬೆಳಕು ಕೆಂಪಾಗಿ, ಬಿಳಿಯ ಹೆಂಗಸರು ಒಬ್ಬೊಬ್ಬರಾಗಿ ಕರಗಿ, ಕೊನೆಗೆ ಅವಳೂ ಹಿಂದಕ್ಕೆ ಹಿಂದಕ್ಕೆ ಸರಿದು ಇಲ್ಲವಾದಾಗ, ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಅವನು ಕೂತೇ ಇದ್ದ.

ಆಟದ ನಂತರ ಕಲಾವಿದರ ಜೊತೆ ಮಾತುಕತೆ ಇತ್ತು. ಅರ್ಧ ಜನ ಹೊರಟುಹೋದರು. ವೇದಿಕೆಯ ಅಂಚಿನಲ್ಲಿ ಕುರ್ಚಿ ಹಾಕಿ ಇರೇನಾ ಕೂತಳು. ಪಕ್ಕದಲ್ಲಿ ಗಂಟೆಯ ಹುಡುಗಿ, ಬಣ್ಣ ಒರೆಸಿದ ಮುಖ, ಮೇಲೊಂದು ದಪ್ಪ ಉಣ್ಣೆಯ ಅಂಗಿ. ಹತ್ತಿರದಿಂದ ಅವಳು ತುಂಬ ಚಿಕ್ಕವಳಾಗಿ, ದಣಿದವಳಾಗಿ ಕಂಡಳು. ಕೆಲವರು ಪ್ರಶ್ನೆ ಕೇಳಿದರು. ಆಮೇಲೆ ಇರೇನಾ ಚೈತ್ರಶ್ರೀಗೆ ಏನೋ ಹೇಳಿದಳು. ಚೈತ್ರಶ್ರೀ ಮೈಕ್ ಹಿಡಿದು ಸೀದಾ ಬೋರಯ್ಯನ ಹತ್ತಿರ ಬಂದಳು.

"ಅಂಕಲ್, ಮೇಡಮ್ ಹೇಳ್ತಿದ್ದಾರೆ, ಇಷ್ಟು ವರ್ಷದಲ್ಲಿ ಈ ಹುಡುಗಿ ಬಿದ್ದಾಗ ಸಹಾಯಕ್ಕೆ ಎದ್ದು ಬಂದವರು ನೀವೊಬ್ಬರೇ ಅಂತೆ. ಥ್ಯಾಂಕ್ಸ್ ಹೇಳ್ತಿದ್ದಾರೆ. ನೀವೂ ಏನಾದ್ರೂ ಕೇಳ್ಬಹುದು."

ಬೋರಯ್ಯ ಮೈಕನ್ನು ಮುಟ್ಟಲಿಲ್ಲ. ಇರೇನಾಳ ಕಾಲನ್ನೇ ನೋಡುತ್ತಿದ್ದ.

"ಆ ಯಮ್ಮನ ಕಾಲಿಗೆ ಏನಾಗಿರೋದು ಕೇಳವ್ವ."

ಚೈತ್ರಶ್ರೀ ಅನುಮಾನಿಸಿ ಕೇಳಿದಳು. ಇರೇನಾ ಮುಗುಳ್ನಕ್ಕು ಉತ್ತರಿಸಿದಳು. ಗಂಟೆಯ ಹುಡುಗಿಯ ಪಾತ್ರವನ್ನು ಮೊದಲು ಕುಣಿಯುತ್ತಿದ್ದವಳು ಅವಳೇ. ಒಂದು ಸಂಜೆ, ಎರಡನೇ ಭಾಗದ ನಡುವೆ, ಹಿಮ್ಮಡಿಯ ನರ ತುಂಡಾಯಿತು. ನಿಜವಾಗಿ ಬಿದ್ದಳು. ಮಿಕ್ಕವರು ಅವಳ ಸುತ್ತ ಕುಣಿಯುತ್ತಲೇ ಇದ್ದರು, ಏಕೆಂದರೆ ಅಲ್ಲೂ ನಿಲ್ಲಿಸುವ ಹಾಗಿಲ್ಲ. ಪಕ್ಕದ ಪರದೆಯ ಮರೆಯಿಂದ ಇನ್ನೊಬ್ಬಳು ಬಂದು ಆಟ ಮುಗಿಸಿದಳು. ಮತ್ತೆ ಆ ಪಾತ್ರ ಇರೇನಾಳಿಗೆ ಬರಲಿಲ್ಲ.

ಬೋರಯ್ಯ ತನ್ನ ಎಡ ಮಂಡಿಯನ್ನು ಒಮ್ಮೆ ಸವರಿದ. ಆಮೇಲೆ ಕೇಳಿದ: "ಈಗ ಆಟ ನಡೆಯೋವಾಗ ಆ ಯಮ್ಮ ಎಲ್ಲಿರ್ತಾರೆ?"

ಮುಖಾಮುಖಿ ಮಾತಿನಲ್ಲಿ ಯಾರೂ ನಿರೀಕ್ಷಿಸದ ಪ್ರಶ್ನೆ. ಇರೇನಾ ಬಾಯಲ್ಲಿ ಹೇಳಲಿಲ್ಲ. ಎದ್ದು, ಕಾಲೆಳೆಯುತ್ತ, ವೇದಿಕೆಯ ಬದಿಯಲ್ಲಿ ಇಳಿಬಿಟ್ಟ ಕರಿಯ ಪರದೆಯ ಮಗ್ಗುಲಿಗೆ ಹೋಗಿ ನಿಂತಳು. ಅಲ್ಲಿ ನಿಂತರೆ ಪ್ರೇಕ್ಷಕರಿಗೆ ಕಾಣುವುದಿಲ್ಲ, ಕುಣಿಯುವವರಿಗೆ ಕಾಣುತ್ತದೆ. ಮಾತುಕತೆಗೆಂದು ತುಸು ಈಚೆ ನಿಂತಿದ್ದರಿಂದ ಇವರಿಗೂ ಕಂಡಳು. ಸಂಗೀತ ಇರಲಿಲ್ಲ. ಅವಳು ಕೊನೆಯ ಕುಣಿತದ ಕೈಗಳನ್ನು ಮಾತ್ರ ಮಾಡತೊಡಗಿದಳು. ಪಾದ ಎರಡೂ ನೆಲದಲ್ಲಿ. ಕೈ ಏಳುವಾಗ ಭುಜ ಮೊದಲು, ಆಮೇಲೆ ಮೊಣಕೈ, ಕೊನೆಗೆ ಬೆರಳು. ಬಿಳಿಗೂದಲಿನ ಕುಂಟು ಹೆಂಗಸು ಹೋಗಿ, ಹಿಮದಲ್ಲಿ ಒಬ್ಬನನ್ನು ಎಬ್ಬಿಸುತ್ತಿರುವವಳು ಅಲ್ಲಿ ನಿಂತಿದ್ದಳು. ಕುರ್ಚಿಯಲ್ಲಿ ಮುದುಡಿ ಕೂತಿದ್ದ ದಣಿದ ಹುಡುಗಿಯ ಕುತ್ತಿಗೆ ತಾನಾಗಿ ನೆಟ್ಟಗಾಯಿತು. ಅವಳ ಉಸಿರು ಇರೇನಾಳ ಕೈಯ ಜೊತೆ ಏರಿತು, ಕೈಯ ಜೊತೆ ಇಳಿಯಿತು. ಅವಳಿಗೆ ತಾನು ಹಾಗೆ ಮಾಡುತ್ತಿರುವುದು ತಿಳಿದಂತಿರಲಿಲ್ಲ.

ಬೋರಯ್ಯ ಕೈ ಮುಗಿದ. ಅವನ ಮಟ್ಟಿಗೆ ಮಾತುಕತೆ ಅಲ್ಲಿಗೆ ಮುಗಿಯಿತು.

ವಾಪಸು ಬರುವ ಬಸ್ಸಿನಲ್ಲಿ ಯೋಗೇಶ್ ಕೊನೆಗೂ ಕೇಳಿಬಿಟ್ಟ. "ಮಾವ, ನಿಧಾನದ್ದು ನಂಗೆ ಬರಲ್ಲ. ಬರ್ದೇ ಇದ್ರೂ ಮುಂದೆ ನಿಂತಿವ್ನಿ. ಜನ ಏನೂ ಅನ್ನಲ್ಲ. ನಂಗೇ ನಾಚ್ಕೆ."

ಬೋರಯ್ಯ ಕಣ್ಣು ಮುಚ್ಚಿ ಕೂತಿದ್ದ. ನಿದ್ದೆ ಮಾಡಿದ್ದನೋ ಇಲ್ಲವೋ ತಿಳಿಯಲಿಲ್ಲ.

ಆ ವರ್ಷದ ಸುಗ್ಗಿಯ ಕೊನೆಯ ಬೆಳಿಗ್ಗೆ ಅವನು ಕಣಕ್ಕೆ ಹೋಗುವ ದಾರಿ ಹಿಡಿಯಲಿಲ್ಲ. ತಾಯಮ್ಮ ಅದನ್ನು ನೋಡಿಯೂ ನೋಡದವಳಂತೆ ಒಗೆದ ಬಿಳಿ ಅಂಗಿಯನ್ನು ಮೊಳೆಗೆ ನೇತುಹಾಕಿ ಹೊರಗೆ ಹೋದಳು. ಜೋರಿನ ಸುತ್ತುಗಳು ಮುಗಿಯುವ ಹೊತ್ತಿಗೆ ಬೋರಯ್ಯ ಆ ಅಂಗಿ ತೊಟ್ಟು ಸುಗ್ಗಿಕಟ್ಟೆಯ ಅಂಗಳಕ್ಕೆ ಬಂದ. ಜನ ದಾರಿ ಬಿಟ್ಟರು. ಅವನು ತನ್ನ ಜಾಗ ಕೇಳುತ್ತಾನೇನೋ ಎಂದು ಕೆಲವರಿಗೆ ಗಾಬರಿ. ಅವನು ಸುತ್ತಿನ ಒಳಗೆ ಕಾಲಿಡಲಿಲ್ಲ. ಡೋಲಿನ ಪಕ್ಕಕ್ಕೆ ಹೋಗಿ ನಿಂತ.

"ಪರಮಶಿವ, ನಿಧಾನದ್ದು ಬಾರ್ಸು."

ಪರಮಶಿವಯ್ಯ ಬಾಯಿ ತೆರೆದು ನೋಡಿದ. "ಯಾರ್ಗೆ ಬಾರ್ಸ್ಲಿ? ಮುಂದೆ ಯೋಗೇಶ ಅವ್ನೆ."

"ಅವ್ನಿಗೇ ಬಾರ್ಸು." ಆಮೇಲೆ ದನಿ ಎತ್ತಿ, "ಏ ಯೋಗೇಶ, ನೆಲ ಏನ್ ನೋಡ್ತೀಯ? ಇಲ್ ನೋಡು, ನನ್ ಕೈ ನೋಡು."

ಡೋಲು ಒಂದು ಪೆಟ್ಟು ಹೊಡೆದು ಸುಮ್ಮನಾಯಿತು. ಸುತ್ತಿನ ಎಲ್ಲ ಕಾಲುಗಳೂ ಮೇಲೆದ್ದವು. ಬೋರಯ್ಯನ ಎರಡೂ ಪಾದ ನೆಲದ ಮೇಲಿದ್ದವು. ಕೈ ಮಾತ್ರ ಗಾಳಿಯಲ್ಲಿ ನಿಂತಿತ್ತು. ಆ ಕೈಗೆ ಕಣ್ಣು ನೆಟ್ಟು ಯೋಗೇಶ್ ನಿಂತ, ಯೋಗೇಶನ ಭುಜಕ್ಕೆ ಕಣ್ಣು ನೆಟ್ಟು ಮಿಕ್ಕವರು. ಅಂಗಳದಲ್ಲಿ ಸದ್ದೇ ಇಲ್ಲ. ಕೈ ಇಳಿಯಿತು. ಒಂದೇ ಸಪ್ಪಳ.

ಹಾಗೆ ಅರ್ಧ ಸುತ್ತು ಚೆನ್ನಾಗಿ ನಡೆಯಿತು. ಆಮೇಲೆ ತೊಡಕು. ಅಂಗಳದ ನಡುವೆ ಕಟ್ಟೆ, ಕಟ್ಟೆಯ ಮೇಲೆ ದೊಡ್ಡ ಮರ. ಯೋಗೇಶ್ ಆಚೆ ಬದಿಗೆ ಹೋದ ಕೂಡಲೇ ಡೋಲಿನ ಪಕ್ಕ ನಿಂತ ಬೋರಯ್ಯ ಅವನಿಗೆ ಕಾಣಿಸಲಿಲ್ಲ. ಒಳಗೆ ತಿರುಗಬೇಕಾದಲ್ಲಿ ಅವನು ಹೊರಗೆ ತಿರುಗಿದ. ಹಿಂದಿನವನು ಅವನಿಗೆ ಡಿಕ್ಕಿ ಹೊಡೆದ. ಕಾಲುಗಳು ಕಾಫಿಬೀಜ ಚೆಲ್ಲಿದ ಹಾಗೆ ದಡಬಡನೆ ಬಿದ್ದವು. ಹೆಂಗಸರು ನಕ್ಕುಬಿಟ್ಟರು.

"ಎತ್ತಾಗ್ಲಾ ತಿರುಗ್ತೀಯ, ಬಸ್ ತಪ್ಪಿದೋನಂಗೆ!" ಬೋರಯ್ಯನ ಕೂಗು ಕಟ್ಟೆಯ ಮೇಲಿಂದ ಹಾರಿ ಆಚೆಗೆ ಹೋಯಿತು.

"ಕಾಣ್ಸಲ್ಲ ಮಾವ!"

ಬೋರಯ್ಯ ಒಂದು ಕ್ಷಣ ನಿಂತ. ಆಮೇಲೆ ಡೋಲಿನ ಪಕ್ಕ ಬಿಟ್ಟು ನಡೆದ. ಸುತ್ತಿನ ಹೊರಗೆ, ಅದಕ್ಕೆ ತಾಗದಂತೆ, ಯೋಗೇಶನ ಕಣ್ಣಿಗೆ ಬೀಳುವ ಕಡೆಗೆ. ಯೋಗೇಶ್ ಮುಂದಕ್ಕೆ ಸರಿದಂತೆ ತಾನೂ ಮುಂದಕ್ಕೆ. ಹೊರಗಿನವನ ದಾರಿ ಒಳಗಿನವರದಕ್ಕಿಂತ ಉದ್ದ, ಕಾಲು ಕುಂಟು. ಅವನು ಹಿಂದೆ ಬೀಳತೊಡಗಿದಾಗ ಯೋಗೇಶ್ ಕಾಲನ್ನು ಗಾಳಿಯಲ್ಲಿ ಇನ್ನೂ ಸ್ವಲ್ಪ ಹೊತ್ತು ಹಿಡಿದ. ಪರಮಶಿವಯ್ಯ ಅದನ್ನು ನೋಡಿ ಡೋಲಿನ ಪೆಟ್ಟನ್ನು ಇನ್ನಷ್ಟು ತಡಮಾಡಿದ. ಸುತ್ತು ನಿಧಾನವಾಯಿತು, ಮತ್ತೂ ನಿಧಾನವಾಯಿತು. ಅಷ್ಟು ನಿಧಾನದ ಸುತ್ತನ್ನು ತಾವು ನೋಡಿಯೇ ಇಲ್ಲ ಎಂದು ಊರಿನ ಹಿರಿಯರು ಆಮೇಲೆ ಹೇಳಿದರು. ಆ ಬೆಳಿಗ್ಗೆ ಅವರೂ ಉಸಿರು ಹಿಡಿದು ನಿಂತಿದ್ದರು.

ಕಟ್ಟೆಯ ಸುತ್ತ ಬಿಳಿ ಅಂಗಿಗಳು, ಅವುಗಳ ಹೊರಗೆ ಒಂಟಿಯಾಗಿ ಇನ್ನೊಂದು ಬಿಳಿ ಅಂಗಿ, ಎಲ್ಲವೂ ಒಟ್ಟಿಗೆ ತಿರುಗುತ್ತಿದ್ದವು. ಬೋರಯ್ಯ ಡೋಲಿನ ಪಕ್ಕಕ್ಕೆ ಮರಳಿ ಬಂದಾಗ ಅವನ ಮುಖದ ತುಂಬ ಬೆವರು. ನಿಲ್ಲಲಿಲ್ಲ, ಮುಂದಕ್ಕೇ ನಡೆದ.

ತಾಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಪಕ್ಕದವಳಿಗೆ ಹೇಳಿದಳು: "ನೋಡು ಮತ್ತೆ. ಒಂದ್ ಕೊಡ ನೀರು ತನ್ನಿ ಅಂದ್ರೆ ಈ ಯಜಮಾನ್ರಿಗೆ ಮಂಡಿ ನೋವು."